ಭೂಮಿಗೆ ಮೂರು ದಿನ ರಜೆ

ಅಪ್ಪಿಗೆ ಕಬ್ಬಿಣ ಕಂಡರೆ ಆಗುತ್ತಿರಲಿಲ್ಲ. ಹಣೆಬರಹ ನೋಡಿ, ದುಬೈಯಲ್ಲಿ ಅವಳಿಗೆ ಸಿಕ್ಕಿದ ಕೆಲಸ ಬೆಳಗಿನಿಂದ ಸಂಜೆಯವರೆಗೆ ಕಬ್ಬಿಣ ಒರೆಸುವುದು. ಪಾತ್ರೆಯಲ್ಲ, ಕಿಟಕಿಯ ಸರಳಲ್ಲ. ನೂರೈವತ್ತು ವರ್ಷದ ಹಿಂದೆ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಯಾರೋ ತಲೆ ಓಡಿಸಿ ಕಂಡುಹಿಡಿದ ಬೇಸಾಯದ ಸಾಮಾನು. ಅಲ್ ಖವಾನೀಜ್ ಕಡೆ ತೋಟ ಇಟ್ಟುಕೊಂಡ ಒಬ್ಬ ಮುದುಕ ಅರಬಿಗೆ ಅವುಗಳ ಹುಚ್ಚು. ಎಲ್ಲರೂ ಅವರನ್ನು ಅರ್ಬಾಬ್ ಅನ್ನುತ್ತಿದ್ದರು, ಯಜಮಾನ ಅಂತ ಅರ್ಥ. ಬೇರೆಯವರು ಕಾರು ಕೂಡಿಸುತ್ತಾರೆ, ಗಿಡುಗ ಸಾಕುತ್ತಾರೆ. ಇವರು ಹಡಗಿನಲ್ಲಿ ನೇಗಿಲು ತರಿಸುತ್ತಿದ್ದರು. ಅದಕ್ಕೊಂದು ಉದ್ದದ ಶೆಡ್ಡು, ಶೆಡ್ಡಿಗೆ ಏಸಿ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಅಪ್ಪಿ ಮತ್ತಿತರ ಹೆಂಗಸರು ಮಲಗುವ ಕೋಣೆಯ ಏಸಿ ಕೆಟ್ಟರೆ ವಾರಗಟ್ಟಲೆ ಕಾಯಬೇಕು. ಈ ಶೆಡ್ಡಿನದು ಕೆಟ್ಟರೆ ಅದೇ ದಿನ ರಿಪೇರಿ. ತುಕ್ಕು ಹಿಡಿಯುವುದು ಕಬ್ಬಿಣಕ್ಕೆ ಮಾತ್ರ ಎಂದು ಅವರ ಲೆಕ್ಕ.

ಶೆಡ್ಡಿನ ಮ್ಯಾನೇಜರ್ ಲೆಸ್ಲಿ. ಬಂಟ್ವಾಳ ಕಡೆಯ ಕ್ರಿಶ್ಚಿಯನ್, ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು ಆಡಿ ಬೆಳೆದವನು. ಕೆಲಸಕ್ಕೆ ಸೇರಿದ ಮೊದಲ ದಿನ ಅಪ್ಪಿ ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ರೂಢಿಯಂತೆ ಅವನನ್ನು ‘ಪೊರ್ಬುಗಳೇ’ ಎಂದು ಗೌರವದಿಂದ ಕರೆದಳು. ಅವನ ಮುಖ ಹುಳಿ ತಿಂದ ಹಾಗಾಯಿತು. ಇಲ್ಲಿ ಸರ್ ಅನ್ನಬೇಕು ಎಂದು ತಿದ್ದಿದ. ಅಂದಿನಿಂದ ಅವನು ಅವಳ ಹತ್ತಿರ ತುಳು ಆಡಲೇ ಇಲ್ಲ. ತುಳು ಆಡಿದರೆ ಕೆಲಸದವರಿಗೆ ಸಲಿಗೆ ಬರುತ್ತದಂತೆ. ಆದ್ದರಿಂದ ಕನ್ನಡ, ಅದಕ್ಕೆ ಅರ್ಧ ಇಂಗ್ಲಿಷ್ ಒಗ್ಗರಣೆ. ಅಪ್ಪಿಯೂ ಬಿಟ್ಟವಳಲ್ಲ, ಅವನಿಗೆ ಕೇಳುವ ಹಾಗೆ ಪೂವಪ್ಪನ ಹತ್ತಿರ ತುಳುವಿನಲ್ಲೇ ಅವನನ್ನು ಬೈಯುತ್ತಿದ್ದಳು. ಅರ್ಥವಾದರೂ ಅರ್ಥವಾಗದವನಂತೆ ನಿಲ್ಲುವುದು ಲೆಸ್ಲಿಯ ಶಿಕ್ಷೆ.

ಪೂವಪ್ಪ ಅಲ್ಲಿಯ ಫಿಟ್ಟರ್. ಪುತ್ತೂರಿನವನು, ಅರುವತ್ತಕ್ಕೆ ಹತ್ತಿರ ಬಂದವನು. ಯಂತ್ರಗಳ ಕೀಲು ತಿರುಗುವಂತೆ, ಗಾಲಿ ಉರುಳುವಂತೆ ಇಡುವುದು ಅವನ ಪಾಲು. ಧೂಳು ಒರೆಸಿ, ತುಕ್ಕು ಉಜ್ಜಿ, ಎಣ್ಣೆ ಹಚ್ಚುವುದು ಅಪ್ಪಿಯ ಪಾಲು. ಇಬ್ಬರಿಗೂ ಹೊಂದಿಕೆ ಅಷ್ಟಕ್ಕಷ್ಟೇ. ಆದರೂ ಪರದೇಶದಲ್ಲಿ ಒಂದೇ ಭಾಷೆಯವರು, ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಬುತ್ತಿ ಬಿಚ್ಚುತ್ತಿದ್ದರು.

ಶಾಲೆ ಮಕ್ಕಳೋ ಕಂಪನಿಯವರೋ ನೋಡಲು ಬಂದರೆ ಲೆಸ್ಲಿಯ ಭಾಷಣ ಸುರು. ಮೊದಲು ರೈತನ ಕೈಯಲ್ಲಿದ್ದದ್ದು ಬರೀ ಗುದ್ದಲಿ, ಬಗ್ಗಿ ಬಗ್ಗಿ ಕಳೆ ಕೆರೆಯಬೇಕಿತ್ತು. ಆಮೇಲೆ ಮರದ ದಿಂಡಿಗೆ ಒಂದು ಕುಳ ಕಟ್ಟಿ ಕುದುರೆಗೆ ಹೂಡಿದರು. ಒಂದು ಹೋಗಿ ಎರಡಾಯಿತು, ಎರಡು ಹೋಗಿ ಐದಾಯಿತು. ಸಾಲಿನ ಅಗಲಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಲು ಒಬ್ಬ ಸನ್ನೆಗೋಲು ಇಟ್ಟ. ಪೈರಿನ ಎರಡೂ ಮಗ್ಗುಲು ಒಂದೇ ಸಲಕ್ಕೆ ಕೆರೆಯುವಂತೆ ಇನ್ನೊಬ್ಬ ಮಾಡಿದ. ಮತ್ತೊಬ್ಬ ಪುಣ್ಯಾತ್ಮ ಗಾಲಿ ಹಾಕಿ ಮೇಲೊಂದು ಕಬ್ಬಿಣದ ಆಸನವನ್ನೂ ಇಟ್ಟುಬಿಟ್ಟ. ಹೀಗೆ ಒಂದೊಂದೇ ಯಂತ್ರದ ಮುಂದೆ ನಿಂತು ಹೇಳುತ್ತ ಹೋಗಿ, ಕೊನೆಗೆ ಲೆಸ್ಲಿ ಎರಡೂ ಕೈ ಅಗಲಿಸಿ ಇಂಗ್ಲಿಷಿನಲ್ಲಿ ಒಂದು ಮಾತು ಅನ್ನುತ್ತಿದ್ದ. ಒಬ್ಬ ಮನುಷ್ಯ, ಹತ್ತು ಜನರ ಕೆಲಸ. ಜನ ಚಪ್ಪಾಳೆ ತಟ್ಟುತ್ತಿದ್ದರು. ಎಣ್ಣೆಬಟ್ಟೆ ಹಿಡಿದು ಮೂಲೆಯಲ್ಲಿ ನಿಂತ ಅಪ್ಪಿಗೆ ಪಿತ್ತ ನೆತ್ತಿಗೇರುತ್ತಿತ್ತು. ಆ ಹತ್ತು ಜನ ಎಲ್ಲಿಗೆ ಹೋದರು ಅಂತ ಒಬ್ಬನಾದರೂ ಕೇಳಬೇಡವೇ?

ಅವಳು ಕೇಳುವುದಕ್ಕೆ ಕಾರಣವಿತ್ತು. ಆ ಹತ್ತರಲ್ಲಿ ಅವಳೂ ಒಬ್ಬಳು. ಕಾರ್ಕಳದ ಹತ್ತಿರ, ಇನ್ನೂ ಲಂಗ ಉಡುವ ಪ್ರಾಯದಲ್ಲೇ ಅಮ್ಮನ ಜೊತೆ ಕಂಡವರ ಗದ್ದೆಯಲ್ಲಿ ನೇಜಿ ನೆಟ್ಟು, ಕಳೆ ಕಿತ್ತು ಬೆಳೆದವಳು. ಮೊಣಕಾಲುದ್ದ ಕೆಸರು, ಬೆನ್ನ ಮೇಲೆ ಮಳೆ. ತಿಂಗಳ ಆ ದಿನಗಳಲ್ಲಿ ಗದ್ದೆ ಯಜಮಾನನ ಮನೆಯ ಅಂಗಳ ತುಳಿಯುವ ಹಾಗಿರಲಿಲ್ಲ. ಬಾವಿಕಟ್ಟೆ ಮುಟ್ಟುವ ಹಾಗಿರಲಿಲ್ಲ. ಗದ್ದೆಗೆ ಮಾತ್ರ ಬರಬೇಕು! ಮುಟ್ಟಾದವಳು ಅಂಗಳಕ್ಕೆ ಮೈಲಿಗೆ, ಕಳೆ ಕೀಳಲಿಕ್ಕೆ ಮೈಲಿಗೆಯಲ್ಲ. ಎಂಥಾ ಶಾಸ್ತ್ರ ನೋಡಿ! ಹೊಟ್ಟೆ ಹಿಡಿದುಕೊಂಡು ಸಾಲಿನಲ್ಲಿ ಹಿಂದೆ ಬಿದ್ದರೆ ಮೇಸ್ತ್ರಿ ಬೈಯುತ್ತಿದ್ದ, ಮುಂದೆ ಹೋದ ಹೆಂಗಸರೂ ಬೈಯುತ್ತಿದ್ದರು.

ವರ್ಷಕ್ಕೊಮ್ಮೆ ಮಾತ್ರ ಯಾರೂ ಬೈಯುತ್ತಿರಲಿಲ್ಲ. ಫೆಬ್ರವರಿಯಲ್ಲಿ ಬರುವ ಕೆಡ್ಡಸದ ಮೂರು ದಿನ. ತುಳುನಾಡಿನವರಿಗೆ ಹೇಳಬೇಕಾಗಿಲ್ಲ, ಉಳಿದವರು ಕೇಳಿ: ಆ ಮೂರು ದಿನ ಭೂಮಿತಾಯಿ ಮುಟ್ಟಾಗುತ್ತಾಳೆ. ನೇಗಿಲು ಹೂಡಬಾರದು, ಗುದ್ದಲಿ ಹಾಕಬಾರದು, ಮಣ್ಣಿಗೆ ಕಬ್ಬಿಣ ತಾಗಿಸಬಾರದು. ಹುರಿದ ಅಕ್ಕಿ ಹುರುಳಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿ ತಿನ್ನುವುದು, ಕೊನೆಯ ದಿನ ಹೆಂಗಸರು ನೆಲಕ್ಕೆ ಎಣ್ಣೆ ಎರೆಯುವುದು. ಭೂಮಿಗೆ ರಜೆ ಎಂದರೆ ಗದ್ದೆಗೆ ರಜೆ, ಗದ್ದೆಗೆ ರಜೆ ಎಂದರೆ ಹೆಂಗಸರಿಗೂ ರಜೆ. ಅಪ್ಪಿಯ ಅಮ್ಮ ಹಗಲು ಹೊತ್ತಿನಲ್ಲಿ ಚಾಪೆ ಬಿಡಿಸಿ ಬೆನ್ನು ನೆಟ್ಟಗೆ ಮಾಡಿದ್ದನ್ನು ಅಪ್ಪಿ ಕಂಡದ್ದು ಆ ಮೂರೇ ದಿನ. ದೇವರು ದಿಂಡರಲ್ಲಿ ಅಪ್ಪಿಗೆ ಅಂಥ ನಂಬಿಕೆ ಇರಲಿಲ್ಲ, ಹರಕೆ ಹೇಳಿ ಏನೂ ಸಿಗದೆ ಸೋತವಳು. ಆದರೆ ಕೆಡ್ಡಸವನ್ನು ಬಿಟ್ಟವಳಲ್ಲ. ಗಂಡ ಸತ್ತ ಮೇಲೆ ಅಬುಧಾಬಿಗೆ ಬಂದು, ಹಮ್ದಾನ್ ಸ್ಟ್ರೀಟಿನ ಒಂದು ಫ್ಲ್ಯಾಟಿನಲ್ಲಿ ಡಾಕ್ಟರೊಬ್ಬರ ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಿದ್ದಾಗಲೂ ಬಾಲ್ಕನಿಯ ತುಳಸಿಯ ಕುಂಡಕ್ಕೆ ಎಣ್ಣೆ ಎರೆದಿದ್ದಳು. ಆ ಅಜ್ಜಿ ತೀರಿಕೊಂಡ ಮೇಲೆ ಡಾಕ್ಟರೇ ಹೇಳಿ ಅವಳನ್ನು ಅರ್ಬಾಬರ ಶೆಡ್ಡಿಗೆ ಸೇರಿಸಿದ್ದು.

ಈ ವರ್ಷ ಅರ್ಬಾಬರಿಗೆ ಹೊಸ ಉಮೇದು ಬಂತು. ಯಂತ್ರಗಳು ಗೋಡೆಗೆ ಒರಗಿ ನಿಂತದ್ದು ಸಾಕು, ಮಣ್ಣಿಗಿಳಿದು ಕೆಲಸ ಮಾಡಿ ತೋರಿಸಬೇಕು. ಲೆಸ್ಲಿ ಕುಣಿದುಕೊಂಡು ಒಪ್ಪಿದ. ಶೆಡ್ಡಿನ ಹಿಂದೆ ಲಾರಿಯಲ್ಲಿ ಕೆಂಪು ಮಣ್ಣು ತರಿಸಿ ಹರಡಿ, ಸಾಲು ಹಿಡಿದು ಮೆಕ್ಕೆಜೋಳ ಬಿತ್ತಿದರು. ಪಕ್ಕದ ಲಾಯದಿಂದ ಒಂದು ಸಾಧು ಕುದುರೆ, ಅದನ್ನು ನಡೆಸಲು ರಿಯಾಝ್ ಎಂಬವನು. ಹೂಡುವುದಕ್ಕೆ ಆರಿಸಿದ್ದು ಐದು ಹಲ್ಲಿನ, ನಡೆದು ಹಿಡಿಯುವ ಕಲ್ಟಿವೇಟರ್. ಬಯಲುಸೀಮೆಯವರು ಎಡೆಕುಂಟೆ ಹೊಡೆಯುತ್ತಾರಲ್ಲ, ಅದರದೇ ಜಾತಿ, ಮೈತುಂಬ ಎರಕದ ಕಬ್ಬಿಣ. ಅತಿಥಿಗಳನ್ನು ಎರಡು ದಿನ ಕರೆಯುವುದೆಂದು ಗೊತ್ತಾಯಿತು. ಅಪ್ಪಿ ಮೊಬೈಲಿನಲ್ಲಿ ಊರಿನ ನಾದಿನಿಯನ್ನು ಕೇಳಿ ನೋಡಿದಳು. ಆ ಎರಡೂ ದಿನ ಕೆಡ್ಡಸದ ಒಳಗೇ ಬಿದ್ದಿದ್ದವು, ನಡುವಿನ ದಿನ ಮತ್ತು ಕೊನೆಯ ದಿನ.

ಸಾಲದ್ದಕ್ಕೆ ಲೆಸ್ಲಿ ಅವಳನ್ನು ಕರೆದು, ಕಚ್ಚೆಸೀರೆ ಉಟ್ಟು ಯಂತ್ರದ ಹಿಂದೆ ಹಿಡಿಕೆ ಹಿಡಿಯಬೇಕು, ಫೋಟೋದಲ್ಲಿ ಚಂದ ಕಾಣುತ್ತದೆ ಅಂದ. ಆಗುವುದಿಲ್ಲ ಅಂದಳು. ವಾರ ದಾಟಿಸಿ, ಆಮೇಲೆ ಬೇಕಾದರೆ ಹಗಲಿಡೀ ಹಿಡಿಯುತ್ತೇನೆ ಅಂದಳು. ಯಾಕೆಂದು ಕೇಳಿದ. ಹೇಳಿದಳು. ಅವನು ನಕ್ಕದ್ದೇ ನಕ್ಕದ್ದು. ಕಚೇರಿಯ ಹುಡುಗಿ ಜೆಸ್ಸಿಕಾ ಕಂಪ್ಯೂಟರಿನಿಂದ ತಲೆಯೆತ್ತಿ ನೋಡಿದಳು.

“ಅಪ್ಪಿ, ಇದು ಲಾರಿಯಲ್ಲಿ ಬಂದ ಮಣ್ಣು. ಬಿಲ್ ಉಂಟು ನನ್ನ ಹತ್ರ. ಲಾರಿ ಮಣ್ಣಿಗೆ ಎಂತ ಮುಟ್ಟು?”

ಅಪ್ಪಿ ಎಣ್ಣೆಬಟ್ಟೆಯನ್ನು ಮಡಚಿ ಭುಜಕ್ಕೆ ಹಾಕಿಕೊಂಡಳು. ಹೋದ ವರ್ಷ ಗುಡ್ ಫ್ರೈಡೇ ದಿನ ಪೂವಪ್ಪ ಬಾಗಿಲಿಗೆ ಮೊಳೆ ಹೊಡೆಯಲು ಹೋದಾಗ ಇದೇ ಲೆಸ್ಲಿ ಓಡಿಬಂದು ಸುತ್ತಿಗೆ ಕಸಿದುಕೊಂಡಿದ್ದ. ಅವನ ಅಮ್ಮ ಆ ದಿನ ಮನೆಯಲ್ಲಿ ಸುತ್ತಿಗೆ ಎತ್ತಲು ಬಿಡುತ್ತಿರಲಿಲ್ಲವಂತೆ. ಪೂವಪ್ಪನೂ ಅಪ್ಪಿಯೂ ಎದುರು ಕೇಳದೆ ಮೊಳೆ ಒಳಗಿಟ್ಟಿದ್ದರು.

“ಗುಡ್ ಫ್ರೈಡೇಗೆ ನೀವು ಮೊಳೆ ಹೊಡೀಲಿಕ್ಕೆ ಬಿಡ್ಲಿಲ್ಲ. ದುಬೈ ಬಾಗಿಲಿಗೂ ನಿಮ್ಮ ಶಿಲುಬೆಗೂ ಎಂತ ಸಂಬಂಧ ಅಂತ ನಾನು ಕೇಳಿದೆನಾ ಸರ್?”

ನಗು ಅಲ್ಲಿಗೇ ನಿಂತಿತು. ಲೆಸ್ಲಿಯ ಕಿವಿ ಕೆಂಪಾದವು. ಜೆಸ್ಸಿಕಾ ಮುಖ ಕೆಳಗೆ ಹಾಕಿ ಸುಮ್ಮನೆ ಕೀಲಿಮಣೆ ಕುಟ್ಟತೊಡಗಿದಳು. ಮಾತು ನ್ಯಾಯದ್ದೇ, ಆದರೆ ನ್ಯಾಯದ ಮಾತಿನಷ್ಟು ಉರಿಯುವುದು ಬೇರೆ ಯಾವುದಿದೆ ಹೇಳಿ? ಲೆಸ್ಲಿ ತಾರೀಕು ಬದಲಾಗುವುದಿಲ್ಲ ಅಂದ. ಹಿಡಿಕೆ ಪೂವಪ್ಪ ಹಿಡಿಯುತ್ತಾನೆ, ನೀವು ಒರೆಸುವುದನ್ನು ಒರೆಸಿ ಅಂದ. ಆ ದಿನದಿಂದ ಅವನು ಅಪ್ಪಿಗೆ ಹೇಳಬೇಕಾದ್ದನ್ನೆಲ್ಲ ಜೆಸ್ಸಿಕಾಳ ಬಾಯಿಂದ ಹೇಳಿಸಿದ.

ಪೂವಪ್ಪ ಒಪ್ಪಲಾರನೆಂದು ಅಪ್ಪಿಗೆ ಖಾತ್ರಿಯಿತ್ತು. ಪುತ್ತೂರಿನವನು, ಅವನ ಅಮ್ಮನೂ ನೆಲಕ್ಕೆ ಎಣ್ಣೆ ಎರೆದವಳೇ. ಮಧ್ಯಾಹ್ನ ಬೆಂಚಿನಲ್ಲಿ ವಿಷಯ ತೆಗೆದಳು. ಪೂವಪ್ಪ ಅನ್ನ ಕಲಸುತ್ತಲೇ ಇದ್ದ. ಅವನ ವಿಸಾ ಇನ್ನು ಕೆಲವೇ ತಿಂಗಳು. ಪ್ರಾಯ ಆದವರಿಗೆ ಮತ್ತೆ ಮುದ್ರೆ ಹೊಡೆಸಿಕೊಡಬೇಕಾದರೆ ಮ್ಯಾನೇಜರ್ ಅರ್ಬಾಬರ ಕಿವಿಯಲ್ಲಿ ಒಂದು ಮಾತು ಹಾಕಬೇಕು. ಹಾಕುತ್ತೇನೆಂದು ಲೆಸ್ಲಿ ಹೇಳಿದ್ದಾನೆ, ಪ್ರದರ್ಶನ ಚಂದ ಆದರೆ. ಇದನ್ನು ಪೂವಪ್ಪ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ಅಪ್ಪಿ ಬೈದು ಸುಮ್ಮನಾಗುತ್ತಿದ್ದಳೋ ಏನೋ. ಅವನು ಹಾಗೆ ಮಾಡದೆ ದೊಡ್ಡ ವೇದಾಂತಿಯ ಹಾಗೆ, ಮರಳುಗಾಡಿಗೆ ತಾಯಿ ಇಲ್ಲ, ತಂದೆ ಇಲ್ಲ, ಕೆಡ್ಡಸ ಘಟ್ಟದ ಕೆಳಗೆ ಮಾತ್ರ ಅಂದುಬಿಟ್ಟ. ಅಪ್ಪಿ ಬುತ್ತಿ ಮುಚ್ಚಿ ಎದ್ದಳು. ಉಂಡ ಎಲೆಗೆ ಉಗುಳುವವನ ಪಕ್ಕ ಕೂತು ತನಗೆ ಅನ್ನ ಇಳಿಯುವುದಿಲ್ಲ ಎಂದು, ತೋಟದ ಮಲಯಾಳಿಗಳಿಗೂ ಪಠಾಣರಿಗೂ ಕೇಳುವಂತೆ ಹೇಳಿ ಹೋದಳು. ಭಾಷೆ ತಿಳಿಯದಿದ್ದರೂ ಅವರಿಗೆ ವಿಷಯ ತಿಳಿಯಿತು.

ಇನ್ನು ಉಳಿದದ್ದು ಅವಳೊಬ್ಬಳೇ. ಕೈಯಲ್ಲಿ ಇದ್ದದ್ದು ಎಣ್ಣೆಬಟ್ಟೆ.

ಆ ಕಲ್ಟಿವೇಟರನ್ನು ಕಂಡುಹಿಡಿದವರು ಮಾಡಿದ ಕೆಲಸಗಳಲ್ಲಿ ಒಂದೇ ಒಂದನ್ನು ಅಪ್ಪಿ ಮೆಚ್ಚಿದ್ದಳು. ಅದರ ಐದು ಹಲ್ಲುಗಳೂ ಒಂದೊಂದು ಕೀಲಿನ ಮೇಲೆ ನಿಂತಿವೆ. ಹಿಂದಕ್ಕೆ ಮಡಚದಂತೆ ಪ್ರತಿಯೊಂದಕ್ಕೂ ಬೆರಳುದ್ದದ ಮರದ ಗೂಟ ಜಡಿದಿದೆ. ನೆಲದೊಳಗೆ ಕಲ್ಲೋ ಬೇರೋ ತಾಗಿತು ಅನ್ನಿ, ಗೂಟ ಮುರಿಯುತ್ತದೆ, ಹಲ್ಲು ಹಿಂದಕ್ಕೆ ವಾಲಿ ಮೇಲೇಳುತ್ತದೆ, ಕಬ್ಬಿಣ ಉಳಿಯುತ್ತದೆ. ಬೇರೆ ಗೂಟ ಹಾಕಿದರೆ ಮತ್ತೆ ಕೆಲಸ. ಮುರಿಯುವುದಕ್ಕೆಂದೇ ಇಟ್ಟ ವಸ್ತು. ಲೆಸ್ಲಿಯ ಭಾಷಣದಲ್ಲಿ ಇದಕ್ಕೊಂದು ದೊಡ್ಡ ಅಧ್ಯಾಯವೇ ಇತ್ತು. ಅಪ್ಪಿ ಕೇಳಿ ಕೇಳಿ ಬಾಯಿಪಾಠ ಮಾಡಿದ್ದಳು.

ಪ್ರದರ್ಶನದ ಹಿಂದಿನ ದಿನ, ಕೆಡ್ಡಸ ಹಿಡಿದ ಮೊದಲ ದಿನ, ಅವಳು ಖರ್ಜೂರದ ಮರದಡಿ ಬಿದ್ದ ಒಣಗಿದ ಗರಿ ಎತ್ತಿಕೊಂಡು ಬಂದಳು. ಗರಿಯ ದಂಟು ನೋಡಲು ಗಟ್ಟಿ, ಒಳಗೆ ಬೆಂಡು. ಅಡಿಗೆಮನೆಯ ಚೂರಿಯಲ್ಲಿ ಕೆತ್ತಿ ಗೂಟ ಮಾಡಿ, ಚಹಾದ ಗಸಿಯಲ್ಲಿ ಅದ್ದಿ ಬಣ್ಣ ಬರಿಸಿದಳು. ಸಂಜೆ ಎಲ್ಲರ ಕಣ್ಣೆದುರೇ ಯಂತ್ರದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಣ್ಣೆ ಹಚ್ಚುತ್ತ, ಹಳೆಯದನ್ನು ತೆಗೆದು ಹೊಸದನ್ನು ತುರುಕಿದಳು. ಯಾರೂ ಏನೂ ಕೇಳಲಿಲ್ಲ. ಒರೆಸುವವಳ ಕೈ ಎಲ್ಲಿದೆಯೆಂದು ಯಾರು ನೋಡುತ್ತಾರೆ? ನಾಳೆ ಕುದುರೆ ಎಳೆದ ಕೂಡಲೇ ಐದೂ ಮುರಿದು, ಹಲ್ಲುಗಳೆಲ್ಲ ಮೇಲೆದ್ದು, ಯಂತ್ರ ಮಣ್ಣ ಮೇಲೆ ಬಂಡಿಯ ಹಾಗೆ ಜಾರಿ ಹೋಗಬೇಕು. ಕಬ್ಬಿಣಕ್ಕೆ ಪೆಟ್ಟಿಲ್ಲ, ಮಣ್ಣಿಗೂ ಪೆಟ್ಟಿಲ್ಲ. ಪೆಟ್ಟು ಬೀಳುವುದಿದ್ದರೆ ಲೆಸ್ಲಿಯ ಮರ್ಯಾದೆಗೆ. ಅದು ಬಿದ್ದರೆ ಬೀಳಲಿ, ಅವಳಿಗೆ ಅದರಲ್ಲಿ ಸಂತೋಷವೇ.

ಬೆಳಗ್ಗೆ ಅತಿಥಿಗಳು ಬಂದರು. ಕಂದೂರ ಎಂಬ ಬಿಳಿ ನಿಲುವಂಗಿ ತೊಟ್ಟ ಹಿರಿಯರು, ಸೂಟಿನವರು, ತಂಪು ಕನ್ನಡಕದ ಹೆಂಗಸರು. ಖರ್ಜೂರ, ಕಾಫಿ ಹಂಚಿದರು. ಪೂವಪ್ಪ ಹೊಸ ಅಂಗಿ ತೊಟ್ಟು ಯಂತ್ರದ ಸುತ್ತ ಒಂದು ಸಲ ಬಂದ. ಹೂಡುವ ಮುಂಚೆ ಪ್ರತಿ ಗೂಟಕ್ಕೂ ಸ್ಪ್ಯಾನರಿನಿಂದ ಒಮ್ಮೆ ತಟ್ಟುವುದು ಅವನ ಅಭ್ಯಾಸ. ಅಪ್ಪಿ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲನೆಯದಕ್ಕೆ ತಟ್ಟಿದ, ಸದ್ದು ಸರಿಯಿಲ್ಲ. ಎರಡನೆಯದಕ್ಕೆ ತಟ್ಟಿದ. ಬಗ್ಗಿ ಒಂದನ್ನು ಎಳೆದು ಮೂಗಿನ ಹತ್ತಿರ ಹಿಡಿದ. ಚಹಾದ ವಾಸನೆ ಬಂದಿರಬೇಕು. ತಲೆಯೆತ್ತಿ, ಜನರ ನಡುವಿನಿಂದ ಸೀದಾ ಅಪ್ಪಿಯನ್ನು ನೋಡಿದ.

ಅವಳೂ ಕಣ್ಣು ತೆಗೆಯಲಿಲ್ಲ. ಹೇಳುವುದಿದ್ದರೆ ಹೇಳು ಎಂದು ನೋಡಿದಳು.

ಅವನು ಗೂಟವನ್ನು ಕಿಸೆಗೆ ಹಾಕಿಕೊಂಡು ವರ್ಕ್‌ಶಾಪಿಗೆ ಹೋದ. ಮರಳಿ ಬಂದಾಗ ಕೈಯಲ್ಲಿ ಹೊಳೆಯುವ ಸ್ಟೀಲ್ ಬೋಲ್ಟುಗಳು. ಮರದ ಗೂಟ ಕಡಿದು ಹದ ಮಾಡಲು ಹೊತ್ತಿರಲಿಲ್ಲ ಎಂದು ಆಮೇಲೆ ಹೇಳಿದನಂತೆ. ಸುಳ್ಳು. ಸಿಟ್ಟು ಇತ್ತು, ಅದಕ್ಕಿಂತ ಹೆಚ್ಚು ವಿಸಾದ ಹೆದರಿಕೆ ಇತ್ತು. ಇನ್ನು ಯಾವ ಹೆಂಗಸೂ ಮುರಿಯಲಾರದ ಹಾಗೆ ಮಾಡುತ್ತೇನೆಂದು ಸ್ಪ್ಯಾನರ್ ಹಿಡಿದು ಬಿಗಿದ, ಒಂದೊಂದನ್ನು ಬಿಗಿಯುವಾಗಲೂ ಅವಳತ್ತ ನೋಡಿ ಬಿಗಿದ. ಅಪ್ಪಿಗೆ ಬಾಯಿಯವರೆಗೆ ಮಾತು ಬಂತು. ಬೋಲ್ಟು ಹಾಕಬೇಡ, ಯಂತ್ರ ಮುರಿಯುತ್ತದೆ ಅನ್ನಬೇಕು. ಅಂದರೆ ಗೂಟ ಎಲ್ಲಿ ಹೋಯಿತೆಂದು ಹೇಳಬೇಕು. ಅವಳು ಎಣ್ಣೆಬಟ್ಟೆ ಎತ್ತಿಕೊಂಡು ಹಿಂದೆ ಸರಿದಳು.

ರಿಯಾಝ್ ಕುದುರೆಯ ಲಗಾಮು ಹಿಡಿದು ಯಲ್ಲಾ, ನಡೆ ಅಂದ. ಐದು ಹಲ್ಲುಗಳೂ ಮಣ್ಣಿಗೆ ಇಳಿದವು. ಹಸಿ ಮಣ್ಣು ಸೀಳಿ ಎರಡೂ ಕಡೆ ಮಗುಚಿಕೊಂಡಿತು. ಅಪ್ಪಿಯ ಕಿಬ್ಬೊಟ್ಟೆ ಹಿಂಡಿದಂತಾಯಿತು. ಇದು ಬರೀ ಮಣ್ಣು, ಲಾರಿಯಲ್ಲಿ ಬಂದದ್ದು ಎಂದು ಅವಳೇ ತನಗೆ ಹೇಳಿಕೊಂಡಳು. ಹೇಳಿಕೊಂಡರೂ ನೋಡಲಾಗಲಿಲ್ಲ. ಲೆಸ್ಲಿ ಮೈಕ್ ಹಿಡಿದು ಹತ್ತು ಜನರ ಕೆಲಸದ ಮಾತಿಗೆ ಬಂದಿದ್ದ.

ಲಾರಿ ಮಣ್ಣಿನ ಕೆಳಗೆ ಹಳೆಯ ನೀರಿನ ಪೈಪಿಗೆ ಹಾಕಿದ ಸಿಮೆಂಟಿನ ದಿಮ್ಮಿ ಇತ್ತು. ಹರಡುವಾಗ ಯಾರೂ ತೆಗೆದಿರಲಿಲ್ಲ. ನಡುವಿನ ಹಲ್ಲು ಅದಕ್ಕೆ ಸಿಕ್ಕಿಕೊಂಡಿತು. ಕುದುರೆ ಮುಂದಕ್ಕೆ ಎಳೆಯಿತು, ಬೋಲ್ಟು ಬಗ್ಗಲಿಲ್ಲ. ಮುರಿದದ್ದು ಯಂತ್ರದ ಬೆನ್ನೆಲುಬು. ಎರಕದ ಕಬ್ಬಿಣ ದೊಡ್ಡ ಸದ್ದು ಮಾಡಿ ಎರಡು ತುಂಡಾಯಿತು. ಹಿಡಿಕೆ ಹಾರಿ ಪೂವಪ್ಪನ ಪಕ್ಕೆಗೆ ಬಡಿದು ಅವನು ಸಾಲಿನಲ್ಲಿ ಮಗುಚಿಬಿದ್ದ. ಅತಿಥಿಗಳ ಮೊಬೈಲುಗಳೆಲ್ಲ ಮೇಲೆದ್ದವು.

ಎಲ್ಲರನ್ನೂ ಊಟಕ್ಕೆ ಕಳಿಸಿ ಶೆಡ್ಡಿನೊಳಗೆ ವಿಚಾರಣೆ ನಡೆಯಿತು. ಅರ್ಬಾಬ್ ಕುರ್ಚಿಯಲ್ಲಿ ಕೂತಿದ್ದರು, ಮುರಿದ ತುಂಡು ಅವರ ಕಾಲಬುಡದಲ್ಲಿತ್ತು. ಲೆಸ್ಲಿ ಬೋಲ್ಟು ಎತ್ತಿ ತೋರಿಸಿ, ಆರು ವರ್ಷದಿಂದ ಗೂಟದ ಕಥೆ ಹೇಳುತ್ತಿದ್ದೇನೆ, ನೀನೇ ಬೋಲ್ಟು ಹಾಕಿದೆಯಲ್ಲ ಎಂದು ಪೂವಪ್ಪನ ಮೇಲೆ ಹಾರಿದ. ಪೂವಪ್ಪ ಪಕ್ಕೆ ಹಿಡಿದುಕೊಂಡು, ಕಿಸೆಯಿಂದ ಖರ್ಜೂರದ ಗೂಟ ತೆಗೆದು ಮೇಜಿನ ಮೇಲಿಟ್ಟ. ಗಲ್ಲದಿಂದ ಅಪ್ಪಿಯನ್ನು ತೋರಿಸಿದ. ಅಷ್ಟು ಸಾಕಾಯಿತು.

ಅಪ್ಪಿ ಅಲ್ಲಗಳೆಯಲಿಲ್ಲ. ತನ್ನ ಹರಕು ಹಿಂದಿಯಲ್ಲಿ ಅರ್ಬಾಬರಿಗೇ ಹೇಳಿದಳು. ಹೌದು, ಹಾಕಿದ್ದು ನಾನು, ಈ ಮೂರು ದಿನ ಕಬ್ಬಿಣ ಇಳಿಯಬಾರದೆಂದು ಹಾಕಿದ್ದು. ಕೇಳಿದೆ, ನಕ್ಕರು. ನನ್ನ ಗೂಟ ಇದ್ದಿದ್ದರೆ ನಿಮ್ಮ ಯಂತ್ರ ಇವತ್ತು ಇಡಿಯಾಗಿ ಇರುತ್ತಿತ್ತು. ಮುದುಕ ಅವಳನ್ನು ಬಹಳ ಹೊತ್ತು ನೋಡಿದರು. ಕರಗಿದರು ಅಂದುಕೊಂಡಿರಾ? ಇಲ್ಲ ಸ್ವಾಮಿ. ಸಮುದ್ರ ದಾಟಿ ಬಂದ ಯಂತ್ರ, ನೂರೈವತ್ತು ವರ್ಷ ಯಾರ ಕೈಯಲ್ಲೂ ಮುರಿಯದ್ದು, ಅವರ ಮನೆಯಲ್ಲಿ ಮುರಿದಿತ್ತು. ಖಲಾಸ್ ಎಂದು ಎದ್ದು, ಮುಂದಿನದನ್ನು ಲೆಸ್ಲಿಗೆ ಬಿಟ್ಟು ಹೊರಟುಹೋದರು.

ಲೆಸ್ಲಿಗೆ ಬೇಕಾದದ್ದೂ ಅದೇ. ಪೂವಪ್ಪನನ್ನು ಹೊರಗೆ ಕಳಿಸಲಿಲ್ಲ, ಸಾಕ್ಷಿಗೆ ಬೇಕಿತ್ತು. ನಾಳೆ ಇನ್ನೊಂದು ತಂಡ ಬರುತ್ತದೆ, ಇನ್ನೊಂದು ಕಲ್ಟಿವೇಟರ್ ಇದೆ. ಅಪ್ಪಿ ಸೀರೆ ಉಟ್ಟು ಹಿಡಿಕೆ ಹಿಡಿದರೆ ಇವತ್ತಿನದನ್ನು ಮರೆತುಬಿಡುತ್ತಾನೆ. ಇಲ್ಲದಿದ್ದರೆ ತಿಂಗಳ ಕೊನೆಗೆ ವಿಸಾ ಕ್ಯಾನ್ಸಲ್, ಟಿಕೆಟ್ ತಾನೇ ಕೊಡಿಸುತ್ತಾನೆ. ಇಷ್ಟನ್ನೂ ಜೆಸ್ಸಿಕಾಳ ಮೂಲಕವಲ್ಲ, ಎಷ್ಟೋ ವಾರಗಳ ಮೇಲೆ ಮೊದಲ ಸಲ ಅವಳ ಮುಖ ನೋಡಿ ಹೇಳಿದ.

ಅಪ್ಪಿಗೆ ಕೆಲಸ ಬೇಡವಾಗಿತ್ತು ಅಂದುಕೊಳ್ಳಬೇಡಿ. ಊರಿನಲ್ಲಿ ಅವಳದೆಂಬ ಗೋಡೆಯಿಲ್ಲ, ಇದ್ದದ್ದು ನಾದಿನಿಯ ಮನೆಯ ಚಾವಡಿಯಲ್ಲಿ ಒಂದು ಚಾಪೆ. ಇನ್ನೊಂದೆರಡು ವರ್ಷ ದುಡಿದು ಸ್ವಂತದ ಒಂದು ಕೋಣೆ ಎಬ್ಬಿಸಬೇಕೆಂದಿದ್ದಳು. ಅದೆಲ್ಲ ಲೆಸ್ಲಿಗೆ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದು.  

“ನಾನು ಇಲ್ಲಿ ಬಂದ ಮೇಲೆ ಜ್ವರ ಬಂತು ಅಂತ ಒಂದು ದಿನ ರಜೆ ಕೇಳಿದ್ದುಂಟಾ ಸರ್?” ಅಂದಳು. “ನನಗೆ ಅಂತ ಕೇಳ್ಲೇ ಇಲ್ಲ. ಕೇಳಿದ್ದು ಅವಳಿಗೆ. ಅದೂ ಮೂರೇ ದಿನ. ನಿಮ್ಮ ಹಿಡಿಕೆ ನೀವೇ ಹಿಡೀರಿ.”

ಲೆಸ್ಲಿ ಪೂವಪ್ಪನತ್ತ ತಿರುಗಿದ. ಪೂವಪ್ಪ ನೆಲ ನೋಡುತ್ತ, ತನ್ನಿಂದ ನಾಳೆ ಆಗುವುದಿಲ್ಲ, ಪಕ್ಕೆಯಲ್ಲಿ ಉಸಿರು ಹಿಡಿಯುತ್ತದೆ ಅಂದ. ಪಕ್ಕೆ ನೋವು ನಿಜವೇ. ಆದರೆ ಅದೇ ಪಕ್ಕೆಯಲ್ಲಿ ಅವನು ಮುರಿದ ಕಬ್ಬಿಣವನ್ನು ಶೆಡ್ಡಿಗೆ ಎತ್ತಿಕೊಂಡು ಬಂದದ್ದನ್ನು ಎಲ್ಲರೂ ಕಂಡಿದ್ದರು. ವಿಸಾದ ಮಾತು ನೆನಪಿದೆಯ ಎಂದು ಲೆಸ್ಲಿ ಕೇಳಿದ. ನೆನಪಿದೆ ಅಂದ. ಅಷ್ಟೇ. ಅಪ್ಪಿಯ ಕಡೆ ತಿರುಗಲಿಲ್ಲ. ಅಪ್ಪಿಯೂ ಅವನಿಗೆ ಕೃತಜ್ಞತೆ ಹೇಳುವ ಗೋಜಿಗೆ ಹೋಗಲಿಲ್ಲ. ಬೆಳಗ್ಗೆ ಸ್ಪ್ಯಾನರ್ ತಿರುಗಿಸುತ್ತ ತನ್ನನ್ನು ನೋಡಿದ ನೋಟವನ್ನು ಅವಳು ಮರೆಯುವವಳಲ್ಲ.

ಮರುದಿನ ಲೆಸ್ಲಿಯೇ ಹಿಡಿಕೆ ಹಿಡಿದ.

ತಪ್ಪು ಹೇಳಬಾರದು, ಚೆನ್ನಾಗಿಯೇ ಹಿಡಿದ. ಎರಡನೆಯ ಕಲ್ಟಿವೇಟರಿಗೆ ಗಟ್ಟಿ ಮರದ ಗೂಟಗಳನ್ನು ತಾನೇ ಜಡಿದಿದ್ದ. ಸಿಮೆಂಟಿನ ದಿಮ್ಮಿ ಇದ್ದ ಜಾಗಕ್ಕೆ ಗುರುತಿನ ಕೋಲು ನೆಡಿಸಿದ್ದ. ಪ್ಯಾಂಟು ಮಡಚಿ, ಶೂ ಬಿಚ್ಚಿಟ್ಟು, ಒಂದು ಸಾಲು ಹೋಗಿ ತಿರುಗಿ ಇನ್ನೊಂದು ಸಾಲು ಬಂದ. ಮೆಕ್ಕೆಜೋಳದ ಒಂದು ಸಸಿಗೂ ಪೆಟ್ಟಾಗಲಿಲ್ಲ. ಎರಡೂ ಮಗ್ಗುಲಿನ ಕಳೆ ಬೇರುಮೇಲಾಗಿ ಬಿತ್ತು, ಸೀಳಿದ ಮಣ್ಣು ಬಿಸಿಲಿಗೆ ಹೊಳೆಯಿತು. ಆಕಾಶ ಕಡಿದು ಬೀಳಲಿಲ್ಲ, ಕುದುರೆ ಮುಗ್ಗರಿಸಲಿಲ್ಲ, ಲೆಸ್ಲಿಯ ಕಾಲಿಗೆ ಒಂದು ಮುಳ್ಳೂ ಚುಚ್ಚಲಿಲ್ಲ. ಅತಿಥಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅರ್ಬಾಬರ ಮುಖದಲ್ಲೂ ನಗು ಬಂತು. ಬೆವರು ಸುರಿಸುತ್ತ ಲೆಸ್ಲಿ ಜನರ ತಲೆಯ ಮೇಲಿಂದ ಅಪ್ಪಿಯನ್ನು ಹುಡುಕಿ, ನೋಡು ಎಂಬಂತೆ ಒಮ್ಮೆ ಗಲ್ಲ ಎತ್ತಿದ.

ಅಪ್ಪಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಸೀಳಿದ ಮಣ್ಣಿನ ಮೇಲೆ ಏನಾದರೂ ಒಂದು ಗುರುತು ಕಾಣುತ್ತದೋ ಎಂದು ಆ ಕೊನೆಯಿಂದ ಈ ಕೊನೆಯವರೆಗೆ ನೋಡಿದಳು. ಏನೂ ಇರಲಿಲ್ಲ, ಮಣ್ಣು ಮಣ್ಣಿನ ಹಾಗೇ ಇತ್ತು. ಪೂವಪ್ಪ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಅವಳ ಹತ್ತಿರ ಬಂದು ನಿಂತ. ಅವನಿಗೂ ಒಳಗೊಳಗೇ ಏನೋ ಆಗಲಿ ಎಂದಿತ್ತೋ ಏನೋ, ದನಿಯಲ್ಲಿ ಸೋತ ಸಿಟ್ಟಿತ್ತು.

“ಇಷ್ಟೆಲ್ಲ ರಾದ್ಧಾಂತ ಮಾಡಿದ್ರಿ ಅಪ್ಪಿಯಕ್ಕ. ನೋಡಿ, ಎಂತದೂ ಆಗ್ಲಿಲ್ಲ.”

ಅಪ್ಪಿ ಮಣ್ಣಿನಿಂದ ಕಣ್ಣು ತೆಗೆಯಲಿಲ್ಲ.

“ಎಂತ ಆಗುದು ಪೂವಪ್ಪಣ್ಣ? ಹೆಂಗಸಲ್ವಾ. ಅವಳಿಗೂ ಅಭ್ಯಾಸ ಆಗಿರ್ತದೆ.”